ಆಟೋಮ್ಯಾಟಿಕ್ ಎಂಜಿನ್ನಿಗೆ ಕ್ಲಚ್ ಕೂರಿಸುವ ಕೆಲಸ

ಆಟೋಮ್ಯಾಟಿಕ್ ಕಾರನ್ನು ಮ್ಯಾನುಯಲ್ ಮಾಡುವುದೆಂದರೆ ಹಳೆಯ ಗೇರ್‌ಬಾಕ್ಸ್ ಇಳಿಸಿ ಬೇರೊಂದನ್ನು ಏರಿಸುವುದು, ಜೊತೆಗೊಂದು ಕ್ಲಚ್ ಪೆಡಲ್ ಸೇರಿಸುವುದು, ಅಷ್ಟೇ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಗೇರ್‌ಬಾಕ್ಸಿನದು ಬರೀ ಹುಡುಕಾಟದ ಕಷ್ಟ. ಹಣವೂ ತಾಳ್ಮೆಯೂ ಇದ್ದರೆ ಅದು ತೀರುತ್ತದೆ. ತಲೆ ತಿನ್ನುವುದು ಯಾರೂ ಮುಟ್ಟಬೇಕಾಗಿಲ್ಲವೆಂದು ಭಾವಿಸಿದ್ದ ಎಂಜಿನ್. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆಂದೇ ಕಾರ್ಖಾನೆಯಲ್ಲಿ ಜೋಡಣೆಯಾದ ಎಂಜಿನ್ನು, ಸಿಲಿಂಡರು ಪಿಸ್ಟನ್ನುಗಳ ಮಟ್ಟಿಗೆ ಮ್ಯಾನುಯಲ್ ಕಾರಿನ ಎಂಜಿನ್ನಿಗಿಂತ ಕೂದಲೆಳೆಯಷ್ಟೂ ಭಿನ್ನವಾಗಿಲ್ಲದಿದ್ದರೂ, ಹಿಂಬದಿಯ ನಾಲ್ಕು ಬೆರಳಗಲದ ಜಾಗದಲ್ಲಿ ಬೇರೆಯೇ ಎಂಜಿನ್. ಈ ಕೆಲಸದ ಒಳಿತು ಕೆಡಕುಗಳೆಲ್ಲ ತೀರ್ಮಾನವಾಗುವುದು ಆ ನಾಲ್ಕು ಬೆರಳಗಲದಲ್ಲೇ ಎಂಬುದು ನಾನು ಕಂಡುಕೊಂಡ ಮಾತು.

ನಮ್ಮ ಮನೆಯಲ್ಲಿರುವುದು ಮರ್ಸಿಡಿಸ್ ಬೆಂಜ್ 300ಡಿ, ಡಬ್ಲ್ಯು 123 ಸರಣಿಯದು. ನೈರೋಬಿಯಲ್ಲಿ ಬಹುಕಾಲ ದುಡಿದ ನನ್ನ ಸೋದರಮಾವ ಊರಿಗೆ ಮರಳುವಾಗ ಹಡಗಿನಲ್ಲಿ ತರಿಸಿದ ಕಾರು. ಅವರ ನಂತರ ನನ್ನ ಪಾಲಿಗೆ ಬಂತು. 1976ರಲ್ಲಿ ಬಿಡುಗಡೆಯಾದ ಈ ಸರಣಿ 1986ರ ಆರಂಭದವರೆಗೆ ತಯಾರಾಗಿ, ಒಟ್ಟು ಸುಮಾರು 27 ಲಕ್ಷ ಕಾರುಗಳು ರಸ್ತೆಗಿಳಿದವು. 300ಡಿಯ ಒಳಗಿರುವುದು ಓಎಂ 617 ಎಂಬ ಐದು ಸಿಲಿಂಡರಿನ, ಮೂರು ಲೀಟರಿನ ಡೀಸೆಲ್ ಎಂಜಿನ್. ಕಾರಿಗೆ ಐದು ಸಿಲಿಂಡರಿನ ಡೀಸೆಲ್ ಎಂಜಿನ್ ಬಂದದ್ದು ಮೊದಲು 1974ರಲ್ಲಿ, ಇದೇ ಎಂಜಿನ್ನಿನ ಮೂಲಕ. ಇದಕ್ಕಿಂತ ಒಂದು ಸಿಲಿಂಡರ್ ಕಡಿಮೆಯಿರುವ ಓಎಂ 616 ಎಂಜಿನ್ 240ಡಿ ಕಾರಿನಲ್ಲಿತ್ತು. ಇವೆರಡರ ವಿನ್ಯಾಸ ಒಂದೇ ಮೂಲದ್ದಾದ್ದರಿಂದ 240ಡಿಯ ನಾಲ್ಕು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸು 300ಡಿ ಎಂಜಿನ್ನಿನ ಹಿಂಬದಿಗೆ ಒಂದು ಬೋಲ್ಟಿನ ತೂತನ್ನೂ ಬದಲಿಸದೆ ಕೂರುತ್ತದೆ. ಈ ಸೌಕರ್ಯ ಇಲ್ಲದಿದ್ದರೆ ನಾನು ಈ ಸಾಹಸಕ್ಕೆ ಇಳಿಯುತ್ತಲೇ ಇರಲಿಲ್ಲ.

ಇಳಿಯಲು ಕಾರಣ ಶೋಕಿಯಲ್ಲ. ಎಂಬತ್ತೆಂಟು ಅಶ್ವಶಕ್ತಿಯ ಡೀಸೆಲ್ ಕಾರಿಗೆ ಗೇರ್ ಕೋಲು ಹಾಕಿ ರೇಸ್ ಓಡಿಸುವ ಆಸೆ ಯಾರಿಗೂ ಬರಲಾರದು. ಹಳೆಯ ಆಟೋಮ್ಯಾಟಿಕ್ ತನ್ನ ಆಯುಸ್ಸನ್ನು ಪೂರೈಸಿತ್ತು. ದಶಕಗಳ ಓಟದಲ್ಲಿ ಒಳಗಿನ ಕ್ಲಚ್ ಪ್ಯಾಕುಗಳೂ ಬ್ಯಾಂಡುಗಳೂ ಸವೆದು, ಗೇರ್ ಬದಲಾಗುವಾಗ ಎಂಜಿನ್ ನಡುವೆ ಬರಿದೇ ಅರಚಿಕೊಂಡು ಆಮೇಲೆ ಧಡಕ್ಕನೆ ಹಿಡಿಯುತ್ತಿತ್ತು. ಇದು ವಯಸ್ಸಿನ ಸವೆತ. ಯಾರ ತಪ್ಪೂ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ಕಾರಿನ ಬ್ರೇಕಿನ ಸಾಮಾನು, ರಬ್ಬರ್ ಬುಷ್ಷು, ಫಿಲ್ಟರುಗಳನ್ನು ವಿಚಾರಿಸಿದರೆ ಇವತ್ತಿಗೂ ಎಲ್ಲಿಂದಲೋ ತಂದುಕೊಡುವವರಿದ್ದಾರೆ. ಆದರೆ ಆ ಕಾಲದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ ಜವಾಬ್ದಾರಿ ಹೊರುವ ಮೇಸ್ತ್ರಿ ಸಿಗುವುದು ಅಪರೂಪ. ನನಗೆ ಪರಿಚಯದ ಮೇಸ್ತ್ರಿ ಮೊದಲೇ ಕೈ ತೊಳೆದುಕೊಂಡರು: "ಸಾರ್, ಬಿಚ್ಚೋದೇನೋ ಬಿಚ್ಚಿಬಿಡ್ತೀನಿ. ಜೋಡಿಸಿದ ಮೇಲೆ ಓಡುತ್ತಾ ಅಂತ ಮಾತ್ರ ಕೇಳ್ಬೇಡಿ." ಮ್ಯಾನುಯಲ್ ಗೇರ್‌ಬಾಕ್ಸಿನ ಮಾತೆತ್ತಿದಾಗ ಅವರ ಮುಖ ಅರಳಿತು.

ಇನ್ನು ಆ ನಾಲ್ಕು ಬೆರಳಗಲದ ವಿಷಯ. ಮ್ಯಾನುಯಲ್ ಕಾರಿನಲ್ಲಿ ಕ್ರ್ಯಾಂಕಿನ, ಎಂದರೆ ಪಿಸ್ಟನ್ನುಗಳ ಬಲಕ್ಕೆ ತಿರುಗುವ ಎಂಜಿನ್ನಿನ ಮುಖ್ಯ ದಂಡದ, ಹಿಂತುದಿಗೆ ಫ್ಲೈವೀಲ್ ಎಂಬ ದಪ್ಪನೆಯ, ಭಾರವಾದ ಎರಕದ ಕಬ್ಬಿಣದ ಚಕ್ರ ಇರುತ್ತದೆ. ಅದರ ಒಂದು ಮುಖವನ್ನು ಕನ್ನಡಿಯಂತೆ ನುಣುಪಾಗಿ ಕಡೆದಿರುತ್ತಾರೆ. ಪ್ರೆಶರ್ ಪ್ಲೇಟು ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು ಆ ಮುಖಕ್ಕೆ. ಸಿಲಿಂಡರುಗಳು ಒಂದರ ನಂತರ ಒಂದು ಸಿಡಿಯುವಾಗ ಕ್ರ್ಯಾಂಕಿಗೆ ಬೀಳುವ ಹೊಡೆತಗಳನ್ನು ತನ್ನ ತೂಕದಿಂದ ನುಂಗಿ ತಿರುಗುವಿಕೆಯನ್ನು ಸಮವಾಗಿಸುವುದೂ ಈ ಚಕ್ರವೇ. ಐದು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ 144 ಡಿಗ್ರಿಗೊಂದು ಸಿಡಿತವಾಗುತ್ತದೆ. ಡೀಸೆಲ್ ಆದ್ದರಿಂದ ಒಂದೊಂದು ಸಿಡಿತವೂ ಬಲವಾದದ್ದು. ಆಟೋಮ್ಯಾಟಿಕ್ ಕಾರಿನಲ್ಲಿ ಈ ಚಕ್ರವೇ ಇಲ್ಲ. ಅದರ ಜಾಗದಲ್ಲಿ ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆ, ಅದರ ಅಂಚಿನಲ್ಲಿ ಸೆಲ್ಫ್ ಮೋಟರು ಹಿಡಿದು ತಿರುಗಿಸಲೊಂದು ಹಲ್ಲಿನ ಬಳೆ. ತೂಕದ ಕೆಲಸವನ್ನು ಆ ತಟ್ಟೆಗೆ ಬೋಲ್ಟ್ ಹಾಕಿದ ಟಾರ್ಕ್ ಕನ್ವರ್ಟರು, ಎಂದರೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ, ಹೊಟ್ಟೆ ತುಂಬ ಎಣ್ಣೆಯಿರುವ ಬುರುಡೆ, ಮಾಡುತ್ತದೆ. ಒಳಗಿನ ಒತ್ತಡಕ್ಕೂ ಕಾವಿಗೂ ಕನ್ವರ್ಟರು ತುಸು ಉಬ್ಬುವುದರಿಂದ ಈ ತಟ್ಟೆ ಹಿಂದಕ್ಕೂ ಮುಂದಕ್ಕೂ ಕೊಂಚ ಬಾಗಬೇಕು. ಬಾಗಲೆಂದೇ ಅದನ್ನು ತೆಳ್ಳಗೆ ಮಾಡಿರುವುದು. ಕ್ಲಚ್ ಪ್ಲೇಟು ಒತ್ತಿಕೊಳ್ಳಲು ಅದರಲ್ಲಿ ಮುಖವೂ ಇಲ್ಲ, ಬಲವೂ ಇಲ್ಲ.

ಹಾಗಾಗಿ ಫ್ಲೆಕ್ಸ್‌ಪ್ಲೇಟ್ ತೆಗೆದು ಫ್ಲೈವೀಲ್ ಹಾಕಬೇಕು. ಅದರ ಬೋಲ್ಟುಗಳನ್ನು ಮಾತ್ರ ಮತ್ತೆ ಬಳಸಬಾರದು. ತೆಳು ತಟ್ಟೆಗೆ ಬಳಸಿದ ಬೋಲ್ಟು ಗಿಡ್ಡ; ದಪ್ಪ ಚಕ್ರಕ್ಕೆ ಅದನ್ನೇ ಹಾಕಿದರೆ ಕ್ರ್ಯಾಂಕಿನೊಳಗೆ ನಾಲ್ಕಾರು ಸುತ್ತು ಥ್ರೆಡ್ ಮಾತ್ರ ಹಿಡಿಯುತ್ತದೆ. ಬಿಗಿ ಮಾಡುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಓಡುವಾಗ, ಚಕ್ರ ಸಡಿಲಗೊಂಡ ಮೇಲೆ. ಫ್ಲೈವೀಲಿಗೆಂದೇ ಇರುವ ಉದ್ದನೆಯ ಹೊಸ ಬೋಲ್ಟುಗಳೇ ಬೇಕು.

ಬೋಲ್ಟಿಗಿಂತ ಸೂಕ್ಷ್ಮವಾದದ್ದು ಬ್ಯಾಲೆನ್ಸು. ಕೆಲವು ಎಂಜಿನ್ನುಗಳ ಕ್ರ್ಯಾಂಕು ತನ್ನಷ್ಟಕ್ಕೆ ತಾನೇ ಸಮತೂಕದಲ್ಲಿರುತ್ತದೆ. ಅದರ ಹಿಂದೆ ಯಾವ ಸಮತೂಕದ ಚಕ್ರ ಹಾಕಿದರೂ ನಡೆಯುತ್ತದೆ. ಇನ್ನು ಕೆಲವದರಲ್ಲಿ ಕ್ರ್ಯಾಂಕಿನ ಕೊರತೆಯನ್ನು ಹಿಂದಿನ ಚಕ್ರದಲ್ಲಿ ಬೇಕೆಂದೇ ಇಟ್ಟ ತೂಕ ತುಂಬುತ್ತದೆ. ಫೋರ್ಡ್‌ನ 302 ವಿ8 ಇದಕ್ಕೆ ಪ್ರಸಿದ್ಧ ಉದಾಹರಣೆ: ಮೊದಲಿನ ಎಂಜಿನ್ನುಗಳಿಗೆ 28 ಔನ್ಸ್-ಇಂಚಿನ ಅಸಮತೂಕ, ಎಂಬತ್ತರ ದಶಕದ ಆರಂಭದಿಂದ ಬಂದವುಗಳಿಗೆ 50 ಔನ್ಸ್-ಇಂಚು. ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಿದರೆ ಎಂಜಿನ್ ತನ್ನನ್ನು ತಾನೇ ಅಲ್ಲಾಡಿಸಿ ಹಾಳುಮಾಡಿಕೊಳ್ಳುತ್ತದೆ. ಓಎಂ 617ರದು ಮತ್ತೊಂದು ಬಗೆ. ಇದರಲ್ಲಿ ಕ್ರ್ಯಾಂಕನ್ನು ಅದರ ಹಿಂಬದಿಯ ತಟ್ಟೆಯೊಂದಿಗೆ ಸೇರಿಸಿಯೇ ಸಮತೂಕ ಮಾಡಿರುವುದರಿಂದ ಪ್ರತಿಯೊಂದು ಎಂಜಿನ್ನಿನ ಲೆಕ್ಕವೂ ಬೇರೆ. 240ಡಿಯ ಫ್ಲೈವೀಲು ಬೋಲ್ಟಿಗೆ ಸರಿಯಾಗಿ ಕೂತಿತೆಂದು ಹಾಗೇ ಬಿಗಿದುಬಿಟ್ಟರೆ ನಡುಕ ಖಾತ್ರಿ.

ಇದಕ್ಕಿರುವ ದಾರಿ, ಹಳೆಯ ಫ್ಲೆಕ್ಸ್‌ಪ್ಲೇಟಿನಲ್ಲಿ ಎಷ್ಟು ಅಸಮತೂಕ ಯಾವ ದಿಕ್ಕಿಗಿದೆಯೋ ಅಷ್ಟನ್ನೇ ಅದೇ ದಿಕ್ಕಿಗೆ ಫ್ಲೈವೀಲಿನಲ್ಲೂ ತರುವುದು. ಪೀಣ್ಯದ ಒಂದು ಬ್ಯಾಲೆನ್ಸಿಂಗ್ ಅಂಗಡಿಗೆ ಎರಡನ್ನೂ ಹೊತ್ತುಕೊಂಡು ಹೋದೆವು. ಯಂತ್ರದ ಮುಂದಿದ್ದ ಹುಡುಗ ಫ್ಲೈವೀಲನ್ನು ಎತ್ತಿಕೊಂಡವನೇ, ಎಲ್ಲರೂ ಮಾಡಿಸಿಕೊಳ್ಳುವಂತೆ, ಅಸಮತೂಕವನ್ನು ಸೊನ್ನೆಗೆ ತರಲು ಹೊರಟ. ಸೊನ್ನೆ ಬೇಡ, ಈ ಹಳೆಯ ತಟ್ಟೆಯಷ್ಟೇ ಕೆಟ್ಟಿರಬೇಕು ಎಂದಾಗ ಅವನು ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದ. ಅಂಗಡಿಯ ಹಿರಿಯರು ಬಂದು ವಿಷಯ ಕೇಳಿ ತಲೆಯಾಡಿಸಿ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಕ್ರ್ಯಾಂಕಿನ ತುದಿಯ ಅಳತೆಗೆ ಲೇತ್‌ನಲ್ಲೊಂದು ದಿಂಡು ಕಡೆಸಿ, ಮೊದಲು ಹಳೆಯ ತಟ್ಟೆಯನ್ನು ಅದಕ್ಕೆ ಬೋಲ್ಟ್ ಹಾಕಿ ತಿರುಗಿಸಿದರು. ಯಂತ್ರ ತೋರಿಸಿದ ಗ್ರಾಂ ಮತ್ತು ಡಿಗ್ರಿಯನ್ನು ಗೋಡೆಯ ಮೇಲೆ ಬರೆದು, ಭಾರದ ಕಡೆಗೆ ಸೀಮೆಸುಣ್ಣದ ಗೀಟು ಎಳೆದರು. ಆಮೇಲೆ ಅದೇ ದಿಂಡಿಗೆ, ಅದೇ ಬೋಲ್ಟ್ ತೂತು ಮೇಲೆ ಬರುವಂತೆ, ಫ್ಲೈವೀಲನ್ನು ಕೂರಿಸಿದರು. ನಂತರದ್ದು ಡ್ರಿಲ್ಲಿನ ಕೆಲಸ. ಹಿಂಬದಿಯ ಅಂಚಿನಲ್ಲಿ ಒಂದಿಷ್ಟು ಕೊರೆಯುವುದು, ಚೂರು ಊದಿ ತೆಗೆದು ತಿರುಗಿಸಿ ನೋಡುವುದು, ಮತ್ತಷ್ಟು ಕೊರೆಯುವುದು. ಗೋಡೆಯ ಲೆಕ್ಕಕ್ಕೆ ಪರದೆಯ ಲೆಕ್ಕ ತಾಳೆಯಾಗುವವರೆಗೂ ಅವರು ಚಹಾ ಕೂಡ ಮುಟ್ಟಲಿಲ್ಲ. ಪ್ರೆಶರ್ ಪ್ಲೇಟನ್ನು ಮಾತ್ರ ಬೇರೆಯಾಗಿ ಸೊನ್ನೆಗೇ ತಂದುಕೊಟ್ಟರು. ಮುಂದೆ ಕ್ಲಚ್ ಬದಲಿಸಿದಾಗ ಇಡೀ ಲೆಕ್ಕ ಕೆಡಬಾರದೆಂದು. ಆ ಹಳೆಯ ತಟ್ಟೆ ಈಗಲೂ ನನ್ನ ಬಳಿ ಇದೆ. ಈ ಫ್ಲೈವೀಲು ಎಂದಾದರೂ ಕೆಟ್ಟರೆ ಮುಂದಿನದಕ್ಕೆ ಅಳತೆಗೋಲು ಅದೊಂದೇ.

ಮುಂದಿನದು ಪೈಲಟ್ ಬೇರಿಂಗು. ಮ್ಯಾನುಯಲ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕಿನ ನಡುವಿನ ಕುಳಿಯಲ್ಲಿ ಒಂದು ಸಣ್ಣ ಬೇರಿಂಗಿನ ಮೇಲೆ ನಿಲ್ಲುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ತಿರುಗುತ್ತಿದ್ದು ಶಾಫ್ಟ್ ನಿಂತಿರಬೇಕಾದ್ದರಿಂದ ಅಲ್ಲಿ ಬೇರಿಂಗ್ ಬೇಕೇ ಬೇಕು. ಆಟೋಮ್ಯಾಟಿಕ್‌ನಲ್ಲಿ ಹಾಗೆ ನಿಲ್ಲುವ ಶಾಫ್ಟೇ ಅಲ್ಲಿಲ್ಲದ್ದರಿಂದ ಬೇರಿಂಗೂ ಇಲ್ಲ. ನಮ್ಮ ಕ್ರ್ಯಾಂಕಿನಲ್ಲಿ ಕುಳಿಯೇನೋ ಸರಿಯಾದ ಅಳತೆಗೇ ಇತ್ತು. ತುಕ್ಕನ್ನು ಉಜ್ಜಿ ತೆಗೆದು ಬೇರಿಂಗ್ ಕೂರಿಸಿದ್ದಾಯಿತು. ಎಲ್ಲರಿಗೂ ಈ ಭಾಗ್ಯವಿಲ್ಲ. ಕ್ರೈಸ್ಲರ್ ಕಂಪನಿಯ ಹಳೆಯ ವಿ8 ಎಂಜಿನ್ನುಗಳಲ್ಲಿ ಆಟೋಮ್ಯಾಟಿಕ್ ಕಾರಿಗೆಂದು ಕಳಿಸಿದ ಕ್ರ್ಯಾಂಕುಗಳ ಈ ಕುಳಿಯನ್ನು ಎಷ್ಟೋ ಸಲ ಪೂರ್ತಿ ಕಡೆದಿರುವುದೇ ಇಲ್ಲ. ಬೇಡದ ಕೆಲಸಕ್ಕೆ ಯಂತ್ರದ ಸಮಯ ಏಕೆ ಎಂಬ ಲೆಕ್ಕಾಚಾರ. ಅಂಥದ್ದರಲ್ಲಿ ಒಂದೋ ಕ್ರ್ಯಾಂಕನ್ನು ಬಿಚ್ಚಿ ಲೇತಿಗೆ ಒಯ್ಯಬೇಕು, ಇಲ್ಲವೇ ಕನ್ವರ್ಟರಿನ ಮೂತಿ ಕೂರುತ್ತಿದ್ದ ದೊಡ್ಡ ಕುಳಿಗೆ ಹೊಂದುವ ಬೇರೊಂದು ಬೇರಿಂಗ್ ಹುಡುಕಬೇಕು.

ಗೇರ್‌ಬಾಕ್ಸ್ ಇಳಿಸಿದ್ದಾಗಲೇ ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿ ಕ್ರ್ಯಾಂಕಿನ ಹಿಂದುಮುಂದಿನ ಆಟ. ಕ್ಲಚ್ ಪೆಡಲ್ ಒತ್ತಿದಾಗಲೆಲ್ಲ ರಿಲೀಸ್ ಬೇರಿಂಗು ಪ್ರೆಶರ್ ಪ್ಲೇಟಿನ ಮೂಲಕ ಇಡೀ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ. ಆ ಒತ್ತಡ ತಡೆಯುವುದು ಥ್ರಸ್ಟ್ ಬೇರಿಂಗು. ಅದು ಸವೆದಿದ್ದರೆ ಕ್ಲಚ್ ಅದನ್ನು ಬೇಗ ಮುಗಿಸುತ್ತದೆ. ಡಯಲ್ ಗೇಜ್ ಇಟ್ಟು ಅಳೆಯುವ ಈ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಹಿಂಬದಿಯ ಆಯಿಲ್ ಸೀಲನ್ನೂ ಈಗಲೇ ಬದಲಿಸಿಬಿಡೋಣ ಎಂದು ಮೇಸ್ತ್ರಿ ಉತ್ಸಾಹ ತೋರಿದರೂ ನಾನು ತಡೆದೆ. ಈ ಎಂಜಿನ್ನಿನಲ್ಲಿ ಅದು ಇವತ್ತಿನ ರಬ್ಬರ್ ಬಳೆಯಲ್ಲ, ಹಗ್ಗದಂಥ ಪ್ಯಾಕಿಂಗು. ಸೋರದೆ ಇರುವ ಹಗ್ಗವನ್ನು ಕೆಣಕದಿರುವುದೇ ಲೇಸು.

ಕ್ರ್ಯಾಂಕಿನ ತುದಿಯಿಂದ ಹೊರಗೆ ಬಂದರೆ, ಆಟೋಮ್ಯಾಟಿಕ್ ಗೇರ್‌ಬಾಕ್ಸು ಎಂಜಿನ್ನಿನ ಮೇಲೆಲ್ಲ ಬಿಟ್ಟುಹೋದ ಎಳೆಗಳು ಕಾಣುತ್ತವೆ. ಡಬ್ಲ್ಯು 123 ಡೀಸೆಲ್ಲಿನಲ್ಲಿ ಅವುಗಳ ಪೈಕಿ ಮುಖ್ಯವಾದದ್ದು ವ್ಯಾಕ್ಯೂಮ್, ಎಂದರೆ ನಿರ್ವಾತದ ಎಳೆತ. ಡೀಸೆಲ್ ಎಂಜಿನ್ನಿಗೆ ತನ್ನದೇ ಎಳೆತವಿಲ್ಲದ್ದರಿಂದ ಒಂದು ಪಂಪು ವ್ಯಾಕ್ಯೂಮ್ ಹುಟ್ಟಿಸುತ್ತದೆ. ಬ್ರೇಕ್ ಬೂಸ್ಟರಿಗೂ, ಬಾಗಿಲಿನ ಬೀಗಗಳಿಗೂ, ಗೇರ್ ಬದಲಾವಣೆಯ ಒತ್ತಡ ಹೊಂದಿಸುವ ಗೇರ್‌ಬಾಕ್ಸಿನ ಮಾಡ್ಯುಲೇಟರಿಗೂ ಅದೇ ಆಧಾರ. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುವುದೂ ವ್ಯಾಕ್ಯೂಮೇ; ಅದು ಇಂಜೆಕ್ಷನ್ ಪಂಪಿನ ಮೇಲಿನ ಸಣ್ಣ ಡಬ್ಬಿಯನ್ನು ಎಳೆದು ಡೀಸೆಲ್ ತಡೆಯುತ್ತದೆ. ಗೇರ್‌ಬಾಕ್ಸ್ ತೆಗೆದವರು ಅದಕ್ಕೆ ಹೋಗುತ್ತಿದ್ದ ಪೆನ್ಸಿಲ್ ರೀಫಿಲ್ಲಿನಷ್ಟು ತೆಳುವಾದ ನಳಿಕೆಯನ್ನು ಮುಚ್ಚದೆ ಬಿಟ್ಟರೆ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೂ ಎಂಜಿನ್ ಗುಡುಗುಡು ಎಂದು ಓಡುತ್ತಲೇ ಇರಬಹುದು. ಹೊರಗಿನವರಿಗೆ ಇದು ದೆವ್ವದ ಕಾಟದಂತೆ ಕಾಣುತ್ತದೆ. ಮದ್ದು ಒಂದು ರಬ್ಬರ್ ಬಿರಡೆ.

ವಿದ್ಯುತ್ ವೈರುಗಳದು ಇಷ್ಟು ತೊಡಕಿನ ವಿಷಯವಲ್ಲ. ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ಆ ಸ್ವಿಚ್ಚು ಗೇರ್‌ಬಾಕ್ಸಿನ ಜೊತೆಗೇ ಹೋದದ್ದರಿಂದ ಅದರ ಎರಡು ವೈರುಗಳನ್ನು ಕೂಡಿಸಬೇಕು. ರಿವರ್ಸ್ ಲೈಟಿನ ಸಂಪರ್ಕವೂ ಅದೇ ಸ್ವಿಚ್ಚಿನಲ್ಲಿತ್ತು. ಅದನ್ನು ಹೊಸ ಗೇರ್‌ಬಾಕ್ಸಿನ ಸ್ವಿಚ್ಚಿಗೆ ಎಳೆಯಬೇಕು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಗೇರ್ ಇಳಿಸುತ್ತಿದ್ದ ಕಿಕ್‌ಡೌನ್ ಸಂಪರ್ಕ ಇನ್ನು ಬೇಡ. ರೇಡಿಯೇಟರಿನೊಳಗೆ ಗೇರ್‌ಬಾಕ್ಸಿನ ಎಣ್ಣೆ ತಣಿಸುತ್ತಿದ್ದ ಭಾಗದ ಎರಡು ಬಾಯಿಗಳಿಗೆ ಬಿರಡೆ ಹಾಕಿದರೆ ಅದೂ ಮುಗಿಯಿತು. ಒಂದು ತಮಾಷೆಯೆಂದರೆ, ಆ ಕಾಲದ ಬೆಂಜ್ ಮ್ಯಾನುಯಲ್ ಗೇರ್‌ಬಾಕ್ಸುಗಳಿಗೂ ತುಂಬುವುದು ಗಟ್ಟಿ ಗೇರ್ ಆಯಿಲನ್ನಲ್ಲ, ಆಟೋಮ್ಯಾಟಿಕ್‌ಗೆ ಬಳಸುವ ಅದೇ ಕೆಂಪು ಎಣ್ಣೆಯನ್ನು. ಹಾಗೆ ಡಿಕ್ಕಿಯಲ್ಲಿ ಉಳಿದಿದ್ದ ಡಬ್ಬಿ ವ್ಯರ್ಥವಾಗಲಿಲ್ಲ.

ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಈ ಕ್ಲಚ್ಚಿಗೆ ಬೇರೆ ಎಣ್ಣೆ ಡಬ್ಬಿಯಿಲ್ಲ. ಬ್ರೇಕಿನ ಡಬ್ಬಿಯಿಂದಲೇ ಒಂದು ಕೊಳವೆ ಪೆಡಲಿನ ಮೇಲಿನ ಮಾಸ್ಟರ್ ಸಿಲಿಂಡರಿಗೆ ಬರುತ್ತದೆ. ಮಾಮೂಲಿನಂತೆ ಪೆಡಲ್ ಒತ್ತಿ ಒತ್ತಿ ಏರ್ ತೆಗೆಯಲು ಹೋದರೆ ಗಾಳಿ ಮೇಲಿನ ತಿರುವಿನಲ್ಲೇ ಸಿಕ್ಕಿಕೊಂಡು ಸತಾಯಿಸುತ್ತದೆ. ಕಂಪನಿಯ ಕೈಪಿಡಿಯ ಕ್ರಮವೇ ತಲೆಕೆಳಗು: ಮುಂದಿನ ಚಕ್ರದ ಬ್ರೇಕ್ ಕ್ಯಾಲಿಪರಿನ ಬ್ಲೀಡರಿಗೂ (ಗಾಳಿ ಬಿಡುವ ತಿರುಪು) ಕೆಳಗಿನ ಕ್ಲಚ್ ಸ್ಲೇವ್ ಸಿಲಿಂಡರಿನ ಬ್ಲೀಡರಿಗೂ ಒಂದು ರಬ್ಬರ್ ನಳಿಕೆ ಜೋಡಿಸಿ ಬ್ರೇಕ್ ಪೆಡಲನ್ನು ಒತ್ತಬೇಕು. ಎಣ್ಣೆ ಕೆಳಗಿನಿಂದ ಮೇಲಕ್ಕೇರುತ್ತ ಗಾಳಿಯನ್ನು ಡಬ್ಬಿಯತ್ತ ತಳ್ಳಿಕೊಂಡು ಹೋಗುತ್ತದೆ. ಮೇಸ್ತ್ರಿ ಇದನ್ನು ಮೊದಲು ನಂಬಲಿಲ್ಲ. ಕ್ಲಚ್ ಪೆಡಲ್ ಗಟ್ಟಿಯಾದ ಮೇಲೆ ಅಲ್ಲಿದ್ದ ಹುಡುಗರನ್ನೆಲ್ಲ ಕರೆದು ತಾವೇ ಕಂಡುಹಿಡಿದವರಂತೆ ವಿವರಿಸಿದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಅರ್ಧವನ್ನು ಗುಜರಿಯಿಂದ ಗೇರ್‌ಬಾಕ್ಸಿನ ಜೊತೆಗೇ ತಂದಿದ್ದರಿಂದ ಉದ್ದದ ತೊಂದರೆ ಬರಲಿಲ್ಲ. ಈ ಕೆಲಸಕ್ಕೆ ಹೊರಡುವವರು ಗೇರ್‌ಬಾಕ್ಸನ್ನಷ್ಟೇ ಕೊಳ್ಳದೆ ಪೆಡಲಿನ ಜೋಡಣೆ, ಫ್ಲೈವೀಲು, ಗೇರ್ ಕೋಲಿನ ಕೆಳಗಿನ ಮೂರು ರಾಡುಗಳು, ಹಿಂದಿನ ಮೌಂಟು, ಶಾಫ್ಟು ಎಲ್ಲವನ್ನೂ ಒಂದೇ ಕಾರಿನಿಂದ ತೆಗೆಸಿಕೊಳ್ಳುವುದು ಜಾಣತನ. ಬಿಡಿಬಿಡಿಯಾಗಿ ಕೊಂಡರೆ ಒಂದು ಬ್ರಾಕೆಟ್ಟಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಇಷ್ಟೆಲ್ಲ ಸಾಧ್ಯವಾದದ್ದು ಈ ಎಂಜಿನ್ನಿಗೆ ಕಂಪ್ಯೂಟರ್ ಇಲ್ಲದ್ದರಿಂದ. ನಂತರದ ಪೆಟ್ರೋಲ್ ಎಂಜಿನ್ನುಗಳಲ್ಲಿ ತೊಡಕು ಕಬ್ಬಿಣದಿಂದ ಸಂಕೇತಗಳಿಗೆ ವರ್ಗವಾಗಿದೆ. ಜೀಪಿನ 4.0 ಲೀಟರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಸುವ ಸೆನ್ಸರು ಓದುವುದು ಫ್ಲೈವೀಲ್ ಅಥವಾ ಫ್ಲೆಕ್ಸ್‌ಪ್ಲೇಟಿನ ಗೀರುಗಳನ್ನು. ಗೀರಿಲ್ಲದ ಚಕ್ರ ಹಾಕಿದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಬಿಎಂಡಬ್ಲ್ಯು ಇ46ನಂಥ ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರು ಗೇರ್‌ಬಾಕ್ಸಿನ ಕಂಪ್ಯೂಟರಿನ ಸಂದೇಶಕ್ಕಾಗಿ ಕಾಯುತ್ತದೆ. ಉತ್ತರ ಬಾರದಿದ್ದರೆ ಎಚ್ಚರಿಕೆಯ ದೀಪ ಹತ್ತಿಸುತ್ತದೆ. ಅದನ್ನು ಮ್ಯಾನುಯಲ್ ಎಂದು ಮರುಕೋಡ್ ಮಾಡದೆ ಕೆಲಸ ಮುಗಿಯದು. ಟೊಯೊಟಾದ 1ಯುಝಡ್ ವಿ8ಗಂತೂ ಕಾರ್ಖಾನೆಯಿಂದ ಮ್ಯಾನುಯಲ್ ಗೇರ್‌ಬಾಕ್ಸ್ ಬಂದದ್ದೇ ಇಲ್ಲ. ಅದಕ್ಕೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚವಾದ ಬೆಲ್ ಹೌಸಿಂಗನ್ನೂ ಫ್ಲೈವೀಲನ್ನೂ ಹೊರಗಿನವರಿಂದ ಮಾಡಿಸಬೇಕು. ನಮ್ಮಲ್ಲಿ 2014ರ ಮಾರುತಿ ಸೆಲೆರಿಯೋದಿಂದ ಜನಪ್ರಿಯವಾದ ಎಎಂಟಿ ಕಾರುಗಳನ್ನು ಈ ಸಾಲಿಗೆ ಸೇರಿಸಬಾರದು. ಅವುಗಳಲ್ಲಿ ಇರುವುದು ಮಾಮೂಲಿ ಕ್ಲಚ್ಚು, ಮಾಮೂಲಿ ಗೇರ್‌ಬಾಕ್ಸು. ಚಾಲಕನ ಕೈಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ.

ಕಾನೂನಿನ ಮಾತು ಎರಡೇ ಸಾಲು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎನ್ನುತ್ತದೆ. ಆದ್ದರಿಂದ ಬೋಲ್ಟ್ ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಂಡು, ವಿಮೆಯವರಿಗೂ ತಿಳಿಸಿಬಿಡುವುದು ಕ್ಷೇಮ. ಪಾರ್ಕ್ ಎಂಬ ಸ್ಥಾನ ಇಲ್ಲವಾದ ಮೇಲೆ ಪಾರ್ಕಿಂಗ್ ಬ್ರೇಕಿನ ಕೇಬಲನ್ನೂ ಬದಲಿಸಬೇಕಾಯಿತು. ಇಷ್ಟು ವರ್ಷ ಯಾರೂ ಅದನ್ನು ಬಳಸಿರಲಿಲ್ಲ.

ಓಡಿಸುವ ಮೊದಲು ನನಗಿದ್ದ ಮುಖ್ಯ ಅನುಮಾನ ಹಿಂದಿನ ಡಿಫರೆನ್ಶಿಯಲ್, ಎಂದರೆ ಹಿಂಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ, ಕುರಿತದ್ದು. ಟಾರ್ಕ್ ಕನ್ವರ್ಟರು ಕಾರು ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ತಿರುಚುಬಲವನ್ನು ಸುಮಾರು ಇಮ್ಮಡಿಗೊಳಿಸುತ್ತದೆ; ಕ್ಲಚ್ಚು ಏನನ್ನೂ ಹೆಚ್ಚಿಸುವುದಿಲ್ಲ. 240ಡಿಯ ಡಿಫರೆನ್ಶಿಯಲ್ ಅನುಪಾತ 3.69, 300ಡಿಯದು 3.46. ಗೇರ್‌ಬಾಕ್ಸಿನ ಮೊದಲ ಗೇರು 3.90. ಗುಣಿಸಿದರೆ 240ಡಿಗೆ 14.39, ನಮ್ಮದಕ್ಕೆ 13.49, ಅಂದರೆ ಮೊದಲ ಗೇರಿನ ಎಳೆತ ತುಸು ಕಡಿಮೆ. ಆದರೆ 240ಡಿಯ ಎಂಜಿನ್ ಕೊಡುವುದು 137 ನ್ಯೂಟನ್ ಮೀಟರ್, ನಮ್ಮದು 172. ಚಕ್ರಕ್ಕೆ ತಲುಪುವ ಬಲದಲ್ಲಿ ನಮ್ಮದೇ ಮುಂದು. ಡಿಫರೆನ್ಶಿಯಲ್ ಮುಟ್ಟದೆ ಬಿಟ್ಟೆವು, ಅದೇ ಸರಿಯಾಯಿತು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೆಯ ಗೇರಿನಲ್ಲಿ ಬ್ರೇಕನ್ನು ಹೆಚ್ಚು ಮುಟ್ಟದೆ ತಿರುವುಗಳನ್ನು ದಾಟಬಹುದು. ಹತ್ತುವಾಗ ಲಾರಿಯ ಹಿಂದೆ ಸಿಕ್ಕಿಕೊಂಡು ಹಾಫ್ ಕ್ಲಚ್ಚಿನಲ್ಲಿ ತೆವಳುವ ಹೊತ್ತು ಮಾತ್ರ ಕನ್ವರ್ಟರಿನ ನೆನಪಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಇನ್ನೂ ಹೆಚ್ಚು.

ಹೆದ್ದಾರಿಯಲ್ಲಿ ಎಂಜಿನ್ನಿನ ಸದ್ದು ಕಡಿಮೆಯಾದೀತೆಂದು ಎಣಿಸಿದವರಿಗೆ ನಿರಾಸೆಯೇ. ಹಳೆಯ ಆಟೋಮ್ಯಾಟಿಕ್‌ನ ನಾಲ್ಕನೆಯ ಗೇರೂ ಈ ಮ್ಯಾನುಯಲ್‌ನ ನಾಲ್ಕನೆಯ ಗೇರೂ ಒಂದಕ್ಕೊಂದರ ನೇರ ಅನುಪಾತದವು. ಆ ಕನ್ವರ್ಟರಿನಲ್ಲಿ ಲಾಕ್ ಇಲ್ಲದೆ ಜಾರಿಹೋಗುತ್ತಿದ್ದಷ್ಟು ಮಾತ್ರ ಉಳಿತಾಯ. ಯುರೋಪಿನ ಗಿರಾಕಿಗಳಿಗೆ ಹೆಚ್ಚಿನ ಬೆಲೆಗೆ ಐದು ಗೇರಿನ ಪೆಟ್ಟಿಗೆಯೂ ಅಂದು ಸಿಗುತ್ತಿತ್ತು. ಅಂಥದ್ದೊಂದು ಎಲ್ಲೋ ಇದೆ ಎಂದು ಮೇಸ್ತ್ರಿ ಆಗಾಗ ಆಸೆ ಹುಟ್ಟಿಸುತ್ತಾರೆ. ಅದಕ್ಕೆ ಶಾಫ್ಟೂ ಹಿಂದಿನ ಮೌಂಟೂ ಬೇರೆ ಬೇಕಾಗುತ್ತವೆ ಎಂದರೆ, "ಅದೇನ್ ದೊಡ್ಡ ಕೆಲ್ಸ ಸಾರ್, ಈ ಸಲ ಬ್ಯಾಲೆನ್ಸಿಂಗ್ ಇಲ್ವಲ್ಲ" ಎನ್ನುತ್ತಾರೆ.